ಆಲಿವ್ ತೋಟದ ಎರಡನೆಯ ವರದಿ

ನವೆಂಬರ್ 12, 2007. ಸೋಮವಾರ. ಬೆಳಿಗ್ಗೆ 8-30

ಕನಿಷ್ಠ 17 ಡಿಗ್ರಿ. ನಿನ್ನೆಯಷ್ಟೇ. ಶೆಡ್ಡಿನ ಗೋಡೆಯ ಥರ್ಮಾಮೀಟರ್ ನೋಡಿ ಬರೆದುಕೊಂಡ ಮೇಲೇ ಚಹಾ.

ದೆಹಲಿಯಿಂದ ಎರಡನೇ ಲೋಡ್ ಬಂತು. ಆರುನೂರು ಆಲಿವ್ ಗಿಡ. ಹನ್ನೊಂದು ದಾರಿಯಲ್ಲೇ ಒಣಗಿವೆ. ಉಳಿದವು ಗಟ್ಟಿ. ಎಲೆಯ ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿ. ಗಾಳಿ ಬಂದರೆ ಇಡೀ ಸಾಲು ಬಣ್ಣ ಬದಲಿಸುತ್ತದೆ. ತೆಲುಗು ಸೀಮೆಯ ಶಂಕರಪಲ್ಲಿಯ ಈ ಕೆಂಪು ಕಲ್ಲುನೆಲದಲ್ಲಿ ಇಂಥದ್ದು ನೋಡುತ್ತೇನೆ ಎಂದುಕೊಂಡಿರಲಿಲ್ಲ. ಕೃಷಿ ಓದಿದ್ದು ಸಾರ್ಥಕ ಅನ್ನಿಸಿತು.

ಗುಂಡಿ ತೋಡುವ ಹೆಂಗಸರ ಮುಂದಾಳು ಬಂಡೆಮ್ಮ. ಯಾದಗಿರಿಯವಳು. ನಾನು ರಾಯಚೂರಿನವಳೆಂದು ತಿಳಿದ ದಿನದಿಂದ ಅಕ್ಕಾ ಅನ್ನುತ್ತಾಳೆ. ಗಿಡ ಹಿಡಿದು ನಿಂತು ಕೇಳಿದಳು, "ಹುಣಸಿ ಹಚ್ಚಿದ್ರ ಮೊಮ್ಮಕ್ಕಳು ತಿಂತಾವು. ಇದನ್ನ ಯಾರು ತಿಂತಾರ್ರಿ?"

"ಎಣ್ಣಿ ತೆಗೀತಾರ."

"ಶೇಂಗಾದಾಗ ಬರಂಗಿಲ್ಲೇನು ಎಣ್ಣಿ?"

ಇಬ್ಬರೂ ನಕ್ಕೆವು.

ನವೆಂಬರ್ 19. ಸಂಜೆ

ಕನಿಷ್ಠ 16. ವರದಿ ಕೊಟ್ಟೆ. ಆರು ಪುಟ. ಸಾರಾಂಶ ಒಂದೇ — ಮರ ಬೆಳೆಯುತ್ತದೆ, ಕಾಯಿ ಬಿಡುವುದಿಲ್ಲ. ಆಲಿವ್ ಹೂ ಕಟ್ಟಲು ಚಳಿ ಬೇಕು. ವಾರಗಟ್ಟಲೆ, ಹತ್ತು ಡಿಗ್ರಿಯ ಕೆಳಗೆ. ಇಲ್ಲಿ ಅಂಥ ರಾತ್ರಿಗಳು ವರ್ಷಕ್ಕೆ ಒಂದು ಕೈಯ ಬೆರಳಿನಷ್ಟೂ ಇಲ್ಲ. ಐವತ್ತು ಗಿಡ ಪರೀಕ್ಷೆಗೆ ಇಡೋಣ, ಉಳಿದ ನೆಲಕ್ಕೆ ಸೀತಾಫಲ, ಮಾವು ಎಂದು ಬರೆದಿದ್ದೆ.

ಹಣಮಂತರಾಯರು ನಾಂಪಲ್ಲಿ ಆಫೀಸಿನಲ್ಲಿ ಪೂರ್ತಿ ಓದಿದರು. ಕಲಬುರ್ಗಿಯವರು. ಸಾಫ್ಟ್‌ವೇರ್ ಹುಡುಗರಿಗೆ ಅರ್ಧರ್ಧ ಎಕರೆ ಆಲಿವ್ ತೋಟ ಮಾರುವ ಯೋಜನೆ ಇವರದೇ. ದನಿ ಏರಿಸಿದ್ದು ಇದುವರೆಗೆ ಕೇಳಿಲ್ಲ.

"ಭಾಳ ಛಲೋ ಬರದಿ ತಂಗಿ." ವರದಿ ಮಡಚಿ ಡ್ರಾಯರಿಗೆ ಹಾಕಿದರು. "ಮೂರನೇ ವರ್ಷಕ್ಕ ಕಾಯಿ ಅಂತ ಇನ್ನೊಂದು ಬರಿ. ಎರಡು ಪುಟ ಸಾಕು."

ಅದು ಖರೆ ಅಲ್ಲ ಎಂದೆ. ಕೇಳಿಸಲಿಲ್ಲವೋ ಏನೋ. ಅಮ್ಮನ ಮಂಡಿನೋವು ಹೇಗಿದೆ ಅಂದರು. ಮಗಳು ವಿಜಿ ಯಾವ ಶಾಲೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂದರು. ಹೇಳಿದೆ.

ಶಾಲೆ ಬಿಡುವ ಹೊತ್ತು ಅವರಿಗೆ ಯಾಕೆ... ಸುಮ್ಮನೆ ಕೇಳಿರಬಹುದು.

ನವೆಂಬರ್ 21

ಬೆಳಿಗ್ಗೆ ಬಿಳಿ ಅಂಗಿಯ ಡ್ರೈವರ್ ಹುಲಗೇಶ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದ, "ನಿಮಗಿಂತ ಮೊದಲು ತಿಪ್ಪೇಸ್ವಾಮಿ ಅಂತ ಸರ್ ಇದ್ರರಿ. ಅವರೂ ಹಿಂಗ ಚಳಿ, ಚಳಿ ಅಂತಿದ್ರು. ಈಗ ಕೋಲು ಹಿಡಕೊಂಡು ಅಡ್ಡಾಡತಾರ. ಪಾಪ, ಕಾಲು ಸರಿಯಾಗಿ ಕೂಡಲೇ ಇಲ್ಲ."

ಏನಾಗಿತ್ತು ಎಂದು ಕೇಳಲಿಲ್ಲ. ಕೇಳಲಿ ಎಂದೇ ಕಾಯುತ್ತಿದ್ದ.

ಮಧ್ಯಾಹ್ನ ಎರಡನೆಯ ವರದಿ ಬರೆದೆ. ಎರಡು ಪುಟ. ಸಹಿ ಹಾಕಿದೆ — ಬಿ. ವಿಶಾಲಾಕ್ಷಿ, ಬಿ.ಎಸ್ಸಿ. ಅಗ್ರಿ. ಮೊದಲನೆಯದರ ಜೆರಾಕ್ಸ್ ನನ್ನ ಹತ್ತಿರ ಇದೆ. ಗೋಧಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಯಾಕೆ ಇಟ್ಟೆ, ಗೊತ್ತಿಲ್ಲ.

ಜನವರಿ 8, 2008

ಕನಿಷ್ಠ 13. ಇಳಿಯುತ್ತಿದೆ. ಇನ್ನೂ ಇಳಿಯಲಿ ಎಂದು ದೇವರನ್ನು ಬೇಡುತ್ತಿದ್ದೇನೆ. ನಾಲ್ಕು ಇಳಿದರೆ ನನ್ನ ಸುಳ್ಳು ಸ್ವಲ್ಪವಾದರೂ ನಿಜವಾಗುತ್ತದೆ... ಓದಿದವಳು ಯೋಚಿಸುವ ಮಾತೇ ಇದು?

ಎಕ್ಸಿಬಿಷನ್‌ನಲ್ಲಿ ಹಣಮಂತರಾಯರು ತೋಟ ಮಾರಲು ಸ್ಟಾಲ್ ಹಾಕಿದ್ದಾರೆ. ಅದಕ್ಕೆ ಅಂಗಡಿಯಿಂದ ಅರವತ್ತು ಬಾಟಲಿ ಉಪ್ಪಿನ ಆಲಿವ್. ಬಾಟಲಿಯ ಚೀಟಿ ಕೀಳುವ ಕೆಲಸ ನನಗೂ ಬಂಡೆಮ್ಮನಿಗೂ. ಬಿಸಿನೀರಿನ ಬಕೆಟ್ ಇಟ್ಟುಕೊಂಡು ಕೂತೆವು. ಉಗುರಿನಲ್ಲಿ ಕೆರೆದೆವು. ಹೊಸ ಚೀಟಿ — "ನಮ್ಮ ತೋಟದ ಮೊದಲ ಕೊಯ್ಲು."

ಬಂಡೆಮ್ಮನಿಗೆ ಓದು ಬರುವುದಿಲ್ಲ. "ಏನಂತ ಬರದೈತ್ರಿ ಅಕ್ಕಾ?"

ಓದಿ ಹೇಳಿದೆ.

ಕೈ ನಿಲ್ಲಿಸಿದಳು. ತೋಟದ ಕಡೆ ನೋಡಿದಳು. ಮೊಣಕಾಲೆತ್ತರದ ಗಿಡ. "ನಾ ದಿನಾ ನೀರು ಹಾಕ್ತೀನಿ. ನನಗ ಕಾಣದಂಗ ಯಾವಾಗ ಕಾಯಿ ಬಿಟ್ಟುವ್ರಿ?"

"ಸುಮ್ನ ಹಚ್ಚು ಬಂಡೆಮ್ಮ."

ಹಚ್ಚಿದಳು.

ಜನವರಿ 13. ಭಾನುವಾರ

ಎಕ್ಸಿಬಿಷನ್. ಧೂಳು, ಜನ, ಮೈಕು. ತಟ್ಟೆಯಲ್ಲಿ ಆಲಿವ್ ಇಟ್ಟು ಹಂಚಿದೆ. ಒಬ್ಬ ತೆಲುಗಿನ ಅಜ್ಜಿ ಬಾಯಿಗೆ ಹಾಕಿಕೊಂಡು ಸೆರಗಿಗೆ ಉಗಿದಳು, "ಛೀ, ಇದೇಂ ಕಾಯಮ್ಮಾ" ಅಂತ.

ಒಬ್ಬ ಹುಡುಗಿ ಮಾತ್ರ ಎರಡು ಸಲ ಬಂದಳು. ಸುಮಂಗಲಾ. ಕೊಪ್ಪಳದವಳು, ಹೈಟೆಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸ. ಕನ್ನಡ ಕೇಳಿ ಮುಖ ಅರಳಿತು. ಕುಂಡದಲ್ಲಿದ್ದ ಗಿಡದ ಎಲೆ ಮುಟ್ಟಿ ಮುಟ್ಟಿ ನೋಡಿದಳು. ಐದು ವರ್ಷದಿಂದ ಟ್ಯೂಬ್‌ಲೈಟಿನ ಕೆಳಗೆ ಕೂತು ಸಾಕಾಗಿದೆಯಂತೆ.

"ಅಕ್ಕಾರ, ನೀವು ಹೇಳಿದ್ರ ನಂಬ್ತೀನಿ. ಮೂರನೇ ವರ್ಷಕ್ಕ ಖರೇನ ಕಾಯಿ ಬಿಡತೈತೇನ್ರಿ?"

ಹಣಮಂತರಾಯರು ಹಿಂದೆ ನಿಂತಿದ್ದರು. ಅವರ ಅತ್ತರಿನ ವಾಸನೆ ಬಂತು.

"ಬಿಡತೈತಿ" ಅಂದೆ.

ಜನವರಿ 20. ಭಾನುವಾರ

ಬಸ್ಸಿನಲ್ಲಿ ಮೂವತ್ತು ಜನ ಸೈಟ್ ನೋಡಲು ಬಂದಿದ್ದರು. ಯಾರೋ ಬಂಡೆಮ್ಮನನ್ನು ಹಿಂದಿಯಲ್ಲಿ ಕೇಳಿದರು, ಕಾಯಿ ಎಲ್ಲಿವೆ ಅಂತ. ಅವಳು ಗುದ್ದಲಿ ಊರಿ ನಿಂತು ತನ್ನ ಹರಕು ಹಿಂದಿಯಲ್ಲೇ ಹೇಳಿದಳು — "ಕಾಯಿ ಬಾಟ್ಲಿದಾಗ ಅವ. ಗಿಡದಾಗ ಇಲ್ಲ."

ಜನ ನಕ್ಕರು. ಹಣಮಂತರಾಯರೂ ನಕ್ಕರು. ತಮಾಷೆಯಾಗಿ ಮುಗಿಯಿತು.

ಬಸ್ಸು ಹೋದ ಮೇಲೆ ಬಂಡೆಮ್ಮನ ಗುಡಿಸಲಿನ ಸಾಮಾನು ರಸ್ತೆಗೆ ಬಂತು. ಹುಲಗೇಶನೇ ಹೊತ್ತು ಹಾಕಿದ. ಬಡಿದಾಟವಿಲ್ಲ, ಕೂಗಾಟವಿಲ್ಲ. ಅವಳು ಒಂದೊಂದೇ ಪಾತ್ರೆ ಎಣಿಸಿ ಚೀಲಕ್ಕೆ ತುಂಬಿದಳು. ಒಮ್ಮೆ ನನ್ನ ಕಡೆ ನೋಡಿದಳು.

ನಾನು ಥರ್ಮಾಮೀಟರ್ ನೋಡುವ ನೆಪದಲ್ಲಿ ಶೆಡ್ಡಿನೊಳಗೆ ಹೋದೆ. ಮಧ್ಯಾಹ್ನ ಮೂರು ಗಂಟೆಗೆ.

ಫೆಬ್ರವರಿ 9

ಚಳಿ ಮುಗಿಯಿತು. ಈ ಸಲದ ಅತಿ ಕಡಿಮೆ 11. ಒಂದೇ ದಿನ.

ಮಾರ್ಚ್ 4. ಮಂಗಳವಾರ

ಸಾಲು ಸಾಲು ತಿರುಗಿ ನೋಡಿದೆ. ಮೊಗ್ಗು ಒಂದೂ ಇಲ್ಲ. ಚಿಗುರು ಮಾತ್ರ ಜೋರು. ಈ ಗಿಡಗಳ ವಯಸ್ಸಿಗೆ ಮೊಗ್ಗು ಬರಬಾರದೆಂದು ಗೊತ್ತು. ಆದರೂ ಹುಡುಕಿದೆ.

ಸುಮಂಗಲಾ ಫೋನ್ ಮಾಡಿದ್ದಳು. ಅರ್ಧ ಎಕರೆ ಅಲ್ಲ, ಎರಡು ಎಕರೆ ತಗೊಳ್ಳುತ್ತಾಳಂತೆ. "ರಾಜೀನಾಮೆ ಟೈಪ್ ಮಾಡಿಟ್ಟೀನ್ರಿ. ಯುಗಾದಿ ಆದ ಮ್ಯಾಲ ತೋಟದಾಗ ಮನಿ ಕಟ್ಟಿ ಇದ್ದುಬಿಡತೀನಿ. ನೀವು ಕಲಿಸ್ರಿ ನನಗ."

"ಅವಸರ ಮಾಡಬ್ಯಾಡ್ರಿ. ಸ್ವಲ್ಪ ತಡೀರಿ" ಅಂದೆ. ಅಷ್ಟೇ ಅಂದದ್ದು.

ಮಾರ್ಚ್ 7. ಸಂಜೆ 5-20

ವಿಜಿ ಶಾಲೆಯ ಆಟೋದಲ್ಲಿ ಬರಲಿಲ್ಲ. ಆಟೋದವನು ಅಂದ, ಯಾರೋ ಬಿಳಿ ಸುಮೋದಲ್ಲಿ ಕರೆದುಕೊಂಡು ಹೋದರು, ಮೇಡಂ ಕಳಿಸಿದ್ದಾರೆ ಅಂದರು. ಶಾಲೆಗೆ ಓಡಿದೆ. ಬಸ್ ಸ್ಟ್ಯಾಂಡಿಗೆ ಓಡಿದೆ. ಮೆಹದಿಪಟ್ಟಣಂನ ಅಷ್ಟು ಜನರ ನಡುವೆ ನಿಂತು ಯಾವ ದಿಕ್ಕಿಗೆ ನೋಡಬೇಕೋ ತಿಳಿಯಲಿಲ್ಲ. ಚಪ್ಪಲಿ ಒಂದು ಎಲ್ಲೋ ಬಿಟ್ಟುಹೋಯಿತು.

ಮನೆಗೆ ಬಂದರೆ ಬಾಗಿಲಲ್ಲಿ ಸುಮೋ. ವಿಜಿ ಇಳಿಯುತ್ತಿದ್ದಾಳೆ, ಕೈಯಲ್ಲಿ ಐಸ್‌ಕ್ರೀಂ. ಹುಲಗೇಶ ಅವಳ ಬ್ಯಾಗು ಹಿಡಿದಿದ್ದಾನೆ.

"ಈ ಕಡಿಗೆ ಬಂದಿದ್ನಿರಿ. ಸಾಹೇಬ್ರು ಅಂದ್ರು, ಮಗು ಬಿಸಲಾಗ ಯಾಕ ಬರಬೇಕು ಅಂತ." ಬ್ಯಾಗು ಕೊಟ್ಟ. "ಮತ್ತ... ಆ ಕೊಪ್ಪಳದ ಮೇಡಂ ಸಾಹೇಬ್ರಿಗೆ ಫೋನ್ ಮಾಡಿದ್ರಂತ. ನೀವು ತಡೀರಿ ಅಂದದ್ದು ಯಾಕ ಅಂತ ಕೇಳಿದ್ರಂತ."

ವಿಜಿ ಕೇಳಿದಳು, ಅಂಕಲ್ ನಾಳೆಯೂ ಬರುತ್ತಾರಾ ಅಂತ.

ಮಾರ್ಚ್ 8

ಏನೂ ಬರೆಯಲು ಆಗುತ್ತಿಲ್ಲ. ವಿಜಿಯನ್ನು ಶಾಲೆಗೆ ಕಳಿಸಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ. ಇನ್ನೂ ಒಂದು.

ಮಾರ್ಚ್ 24. ಸೋಮವಾರ

ತರಕಾರಿಗೆ ಹೋದಾಗ ಕೂಲಿಯವರ ಅಡ್ಡಾದಲ್ಲಿ ಬಂಡೆಮ್ಮ. ಗುದ್ದಲಿ ಮುಂದಿಟ್ಟುಕೊಂಡು ಕೂತಿದ್ದಳು. ತಪ್ಪಿಸಿಕೊಂಡು ಹೋಗೋಣ ಎಂದು ಕಾಲು ತಿರುಗಿತ್ತು. ಅವಳೇ ಕರೆದಳು.

ಪಕ್ಕದಲ್ಲಿ ಕೂತೆ. ತಪ್ಪಾಯಿತು ಎಂದೆ. ಎಲ್ಲ ಹೇಳಿದೆ — ಎರಡು ವರದಿ, ವಿಜಿ, ಸುಮೋ. ಎರಡು ವರ್ಷದ ಹಿಂದೆ ಗಂಡ ಹೋದ ಮೇಲೆ ಯಾರ ಹತ್ತಿರವೂ ಇಷ್ಟು ಮಾತಾಡಿರಲಿಲ್ಲ.

ಬೈಯುತ್ತಾಳೆ ಎಂದುಕೊಂಡೆ. "ನಿಮಗ ಅಂಜಿಕಿ ಬಂದದ್ದು ಖರೆ ಐತಿ. ನನಗೂ ಬಂದಿತ್ತು" ಅಂದಳು. ಗುದ್ದಲಿಯ ಮಣ್ಣು ಕೆರೆಯುತ್ತ, "ಅಂಜಿಕಿ ಹೋಗಲಿ ಅಂತ ಕುಂತ್ರ ಕುಂತೇ ಇರಬೇಕಾಗತೈತಿ. ಆ ಹುಡುಗಿ ನೌಕ್ರಿ ಬಿಟ್ಟ ಮ್ಯಾಲ ಹೇಳಿ ಏನು ಮಾಡತೀರಿ?"

ಮೇಸ್ತ್ರಿಯೊಬ್ಬ ಕೈ ಮಾಡಿ ಕರೆದ. ಎದ್ದು ಲಾರಿ ಹತ್ತಿದಳು.

ಮಾರ್ಚ್ 26. ಬೆಳಿಗ್ಗೆ

ಅಮ್ಮನನ್ನೂ ವಿಜಿಯನ್ನೂ ಕಾಚಿಗೂಡದಲ್ಲಿ ರಾಯಚೂರಿನ ರೈಲು ಹತ್ತಿಸಿದೆ. ವಿಜಿ ಪರೀಕ್ಷೆ, ಪರೀಕ್ಷೆ ಎಂದು ಅತ್ತಳು. ರೈಲು ಹೊರಟಾಗ ಅಮ್ಮ ಕಿಟಕಿಯಿಂದ ಕೇಳಿದಳು, "ನೀ ಯಾವಾಗ ಬರ್ತಿ?"

ತಿಳಿಯದು. ಪ್ಲಾಟ್‌ಫಾರಂನಲ್ಲಿ ಬಿಳಿ ಅಂಗಿಯವನೊಬ್ಬ ಎರಡು ಸಲ ಹಾದುಹೋದ. ಎಲ್ಲ ಬಿಳಿ ಅಂಗಿಗಳೂ ಈಗ ಹುಲಗೇಶನೇ.

ಮಾರ್ಚ್ 26. ಮಧ್ಯಾಹ್ನ 2

ಸುಮಂಗಲಾಳ ಆಫೀಸಿನ ಕ್ಯಾಂಟೀನಿನಲ್ಲಿ ಜೆರಾಕ್ಸ್ ಕೊಟ್ಟೆ. ಆರು ಪುಟವೂ ಓದಿದಳು. ತಟ್ಟೆಯ ಅನ್ನ ಒಣಗಿತು.

"ಅವತ್ತು ಬಿಡತೈತಿ ಅಂದ್ರಲ್ಲ."

"ಅಂದೆ. ಸುಳ್ಳಂದೆ."

"ನಿಮ್ಮನ್ನ ನೋಡೇ ನಂಬಿದ್ದೆ ನಾ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ತೋಟ ತಗೊಂಡವರೆಲ್ಲರ ಒಂದು ಇ-ಮೇಲ್ ಗ್ರೂಪ್ ಇದೆಯಂತೆ. ಸ್ಕ್ಯಾನ್ ಮಾಡಿ ಹಾಕುತ್ತೇನೆ ಅಂದಳು. ನಿಮ್ಮ ಹೆಸರು ಅಳಿಸಲೇ ಅಂದಳು. ಬೇಡ ಎಂದೆ.

ಏಪ್ರಿಲ್ 1. ಬೆಳಿಗ್ಗೆ 11

ಹಣಮಂತರಾಯರು ಮನೆಗೆ ಬಂದಿದ್ದರು. ಒಬ್ಬರೇ. ಚಹಾ ಕೇಳಿ, ಬಸಿಗೆ ಸುರಿದು ಕುಡಿದರು.

"ಅಮ್ಮಾವ್ರು ಊರಿಗೆ ಹೋದ್ರೇನು? ಛಲೋ ಆತು. ರಾಯಚೂರಾಗ ನಮ್ಮವರು ಭಾಳ ಮಂದಿ ಅದಾರ."

ನಾನು ಬಾಗಿಲು ಪೂರ್ತಿ ತೆಗೆದಿಟ್ಟೆ.

"ತಂಗಿ, ಎರಡೂ ವರದಿ ನಿಂದೇ. ಎರಡರ ಮ್ಯಾಲೂ ಸಹಿ ನಿಂದೇ. ನಾನು ಓದಿದವ ಅಲ್ಲ. ನೀ ಹೇಳಿದ್ದು ನಂಬಿ ಗಿಡ ಹಚ್ಚಿದೆ, ಮಂದಿಗೆ ಮಾರಿದೆ. ಮೋಸ ಹೋದವ ನಾನು. ಪೋಲೀಸರು ಕೇಳಿದ್ರ ಇದನ್ನೇ ಹೇಳ್ತೀನಿ." ಬಸಿ ಕೆಳಗಿಟ್ಟರು. "ಮೇಲ್ ಹೋದದ್ದು ಹೋತು. ಮೊದಲನೇದು ತಪ್ಪು ಲೆಕ್ಕ ಇತ್ತು ಅಂತ ಒಂದು ಪತ್ರ ಬರದು ಕೊಡು. ಶುಕ್ರವಾರದ ತನಕ ಯೋಚನಿ ಮಾಡು."

ಹೋಗುವಾಗ ಬಾಗಿಲು ಮೆಲ್ಲಗೆ ಎಳೆದುಕೊಂಡರು.

ರಾಯಚೂರಿನ ಅಣ್ಣನಿಗೆ ಫೋನ್ ಮಾಡಿದೆ. ವಿಜಿಯನ್ನು ಹೊರಗೆ ಬಿಡಬೇಡ ಎಂದೆ. ಮೂರು ಸಲ ಮಾಡಿದೆ. ಮೂರನೇ ಸಲ ಅಣ್ಣ ರೇಗಿದ. ವಿಜಿಯ ದನಿ ಕೇಳಿಸಿದ ಮೇಲೆ ಇಟ್ಟೆ.

ಏಪ್ರಿಲ್ 3

ಪತ್ರ ಬರೆದೆ. ನಾಲ್ಕು ಸಾಲು. "ಮೊದಲ ವರದಿಯ ಲೆಕ್ಕ ತಪ್ಪಾಗಿತ್ತು." ಅಕ್ಷರ ಬಹಳ ದುಂಡಗೆ ಬಂದಿದೆ. ಓದಿದೆ. ಮತ್ತೆ ಓದಿದೆ. ಒಲೆಗೆ ಹಾಕಿದೆ.

ಸಂಜೆ ಸುಮಂಗಲಾಳಿಗೆ ಫೋನ್ ಮಾಡಿ ಹೇಳಿದೆ, ನಾಳೆ ತೋಟ ತಗೊಂಡವರೆಲ್ಲ ದೂರು ಕೊಡಲು ಹೋಗುವಾಗ ನಾನೂ ಬರುತ್ತೇನೆ. "ನಿಮ್ಮ ಮ್ಯಾಲೂ ಕೇಸ್ ಆಗತೈತ್ರಿ" ಅಂದಳು. ಗೊತ್ತು ಎಂದೆ. ರಾಜೀನಾಮೆ ಕೊಟ್ಟಿಲ್ಲವಂತೆ. ಅದೊಂದು ಕೇಳಿ ಊಟಕ್ಕೆ ಕೂತೆ.

ಏಪ್ರಿಲ್ 4. ಶುಕ್ರವಾರ. 10-50

ಪೋಲೀಸ್ ಠಾಣೆಯ ವರಾಂಡ. ಹದಿನಾಲ್ಕು ಜನ ಬಂದಿದ್ದಾರೆ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಸುಮಂಗಲಾ ಬಿಟ್ಟರೆ ಯಾರೂ ನನ್ನ ಮುಖ ನೋಡುತ್ತಿಲ್ಲ. ಹುಲಗೇಶ ಗೇಟಿನ ಆಚೆ ಸುಮೋಗೆ ಒರಗಿ ನಿಂತಿದ್ದಾನೆ. ಹಣಮಂತರಾಯರು ವಕೀಲರ ಜೊತೆ ಎದುರಿನ ಬೆಂಚಿನಲ್ಲಿ. ಸರಿದು ಜಾಗ ಮಾಡಿದರು. "ಬಾ ತಂಗಿ, ಕುಂದ್ರು."

ಕೂರಲಿಲ್ಲ. ಗೋಡೆಗೆ ಡೈರಿ ಒತ್ತಿ ನಿಂತೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಓಡಿಬಿಡುತ್ತೇನೆ.

11-20

ಬಂಡೆಮ್ಮ ಬಂದಳು. ನಾನು ಹೇಳಿದ್ದ ಅಡ್ಡಾಕ್ಕೆ ಸುಮಂಗಲಾ ಬೆಳಿಗ್ಗೆಯೇ ಹೋಗಿ ಕರೆದು ಬಂದಿದ್ದಳಂತೆ. ಇವತ್ತಿನ ಕೂಲಿ ಬಿಟ್ಟು ಬಂದಿದ್ದಾಳೆ. ಹಣಮಂತರಾಯರ ಮುಂದೆಯೇ ಹಾದು ಬಂದು ನನ್ನ ಪಕ್ಕ ನಿಂತಳು.

"ಬಾಟ್ಲಿ ಚೀಟಿ ಕಿತ್ತದ್ದು ನಾ ಹೇಳತೀನಿ. ನೀವು ಬರದದ್ದು ನೀವು ಹೇಳ್ರಿ."

ನನಗೆ ಭಾಳ ಅಂಜಿಕೆಯಾಗುತ್ತಿದೆ ಎಂದೆ.

"ಆಗಲಿ" ಅಂದಳು.

ಒಳಗಿನಿಂದ ಹೆಸರು ಕರೆದರು. ವಿಶಾಲಾಕ್ಷಿ. ಹಣಮಂತರಾಯರು ತಲೆ ಎತ್ತಿ ನೋಡುತ್ತಿದ್ದಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಬೇಕು — ಎರಡನೆಯದೂ ನಾನೇ ಬರೆದದ್ದು, ಸುಳ್ಳೆಂದು ಗೊತ್ತಿದ್ದೇ ಬರೆದದ್ದು. ಅದು ಮೊದಲು. ಆಮೇಲೆ ಉಳಿದದ್ದು. ಡೈರಿ ಮುಚ್ಚುತ್ತೇನೆ.