ಅತ್ತೆಯ ಹೆಸರಿನ ಸ್ಯಾಂಪಲ್

ಮಾರ್ಚ್ 3, ಮಧ್ಯಾಹ್ನ

ಮತ್ತೆ ಮೂತ್ರದಲ್ಲಿ ರಕ್ತ. ಉರಿ ಅಂದರೆ ಉರಿ. ಬಸುರಿಗೆ ನಾಲ್ಕನೇ ತಿಂಗಳು — ಇವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಎರಡು ಸಲ ಡಂಗುರ ಸಾರಿ ಎರಡು ಸಲವೂ ಕಳೆದುಕೊಂಡಿದ್ದು ಸಾಕು. ನಾನು ಕೆಲಸ ಮಾಡುವ ಲ್ಯಾಬಿನಲ್ಲೇ ನನ್ನ ಸ್ಯಾಂಪಲ್ ನಾನೇ ಇಟ್ಟೆ. ಬಾಟಲಿ ಮೇಲೆ ಅತ್ತೆಯ ಹೆಸರು, ಅತ್ತೆಯ ವಯಸ್ಸು. ಜೊತೆ ಕೆಲಸದವರ ಬಾಯಿಗೆ ಬೀಳುವುದು ಬೇಡ.

ಮಾರ್ಚ್ 6

ಕಲ್ಚರಿನಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ. ಇನ್‌ಫೆಕ್ಷನ್ ಅಲ್ಲ. ಮತ್ತೇನು?

ಸ್ಲೈಡ್ ನೋಡಿದ ನಮ್ಮ ಲ್ಯಾಬ್ ಡಾಕ್ಟರು, ನಾನು ಊಟಕ್ಕೆ ಹೋದಾಗ ಸೀದಾ ಅತ್ತೆಗೇ ಫೋನ್ ಮಾಡಿದ್ದಾರೆ. ಒಳ್ಳೆಯ ಮನುಷ್ಯ, ಅದೇ ತೊಂದರೆ. "ಈ ವಯಸ್ಸಲ್ಲಿ ಹೀಗೆ ರಕ್ತ ಹೋದ್ರೆ ಗಡ್ಡೆ ಇರಬಹುದಮ್ಮ."

ಮನೆಗೆ ಬಂದರೆ ಅತ್ತೆ ಬೀರು ಖಾಲಿ ಮಾಡಿ ಬಟ್ಟೆ ಪಾಲು ಹಾಕುತ್ತಿದ್ದರು. "ಈ ನೀಲಿ ಶಾಲು ನಿಂಗಿರ್ಲಿ. ಸ್ಯಾಂಪಲ್ ಯಾವಾಗ ಕೊಟ್ಟೆ ಅಂತಲೇ ನೆನಪಿಲ್ಲ ಕಣೆ. ಮರೆವು ಬೇರೆ ಶುರುವಾಯ್ತು."

ಎಲ್ಲ ಹೇಳಿದೆ. ಅವರ ಮುಖ ಒಂದು ಕ್ಷಣ ಅರಳಿತು, ಆಮೇಲೆ ಬಿಳಿಚಿಕೊಂಡಿತು.

"ಅಂದ್ರೆ ಗಡ್ಡೆ... ನಿಂಗಾ?"

ಮಾರ್ಚ್ 7

ಸ್ಕ್ಯಾನ್ ಆಯಿತು. ಮೂತ್ರಕೋಶದ ಗೋಡೆ ದಪ್ಪವಾಗಿದೆ, ಒಂದು ಕಡೆ ಗಂಟು. ಕೊಳವೆ ಹಾಕಿ ಚೂರು ತೆಗೆದು ನೋಡಲೇಬೇಕಂತೆ. ಮಗುವಿಗೆ? "ಅಪಾಯ ಇಲ್ಲ ಅನ್ನೋಕಾಗಲ್ಲ," ಅಂದರು ಸ್ಕ್ಯಾನ್ ಡಾಕ್ಟರು. ಹೆರಿಗೆವರೆಗೆ ಕಾಯೋಣ ಅಂತಾರೆ ಇವರು. ಗಡ್ಡೆ ಕಾಯುತ್ತದಾ? ಭಯ, ಬರೀ ಭಯ. ಚೂರು ತೆಗೆಯೋಕೆ ಒಪ್ಪಿಕೊಂಡೆ.

ಅತ್ತೆ ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಅನ್ನುತ್ತಿದ್ದರು: "ನಂಗೇ ಆಗಿದ್ರೆ ಎಷ್ಟೋ ವಾಸಿಯಿತ್ತು."

ಮಾರ್ಚ್ 15, ಆಸ್ಪತ್ರೆ

ಮೊನ್ನೆ ಚೂರು ತೆಗೆದರು. ಇವತ್ತು ಲ್ಯಾಬ್ ಡಾಕ್ಟರು ಖುದ್ದು ಬಂದರು. ಅವತ್ತಿನ ಫೋನಿಗೆ ನಾಚಿ, ನನ್ನ ಮುಖ ನೋಡಲಾರದೆ ಅತ್ತೆಗೇ ಹೇಳಿದರು. "ಗಡ್ಡೆ ಅಲ್ಲ. ಅಲರ್ಜಿ ಥರದ ಉರಿಯೂತ, ಬಸುರಿಯರಲ್ಲಿ ತುಂಬಾ ಅಪರೂಪ. ಮಾತ್ರೆಗೆ ಬಗ್ಗುತ್ತೆ."

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ಸಮಾಧಾನವಿಲ್ಲ. ಬೆಳಿಗ್ಗೆಯಿಂದ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತಿದೆ — ಹಿಂದಿನ ಎರಡು ಸಲವೂ ಹೀಗೇ ಶುರುವಾಗಿದ್ದು.

ಅದೇ ದಿನ, ಸಂಜೆ

ನರ್ಸ್ ಎದೆಬಡಿತ ಕೇಳಿಸುವ ಮೆಷಿನ್ ತಂದಿದ್ದಾಳೆ. ಬರೆಯೋದು ನಿಲ್ಲಿಸಿ ಅಂತಾಳೆ. ಕೈ ಸುಮ್ಮನಿದ್ದರೆ ತಲೆ ಕೆಡುತ್ತೆ. ಎಡಕ್ಕೆ ಸರಿಸಿದಳು... ಏನಿಲ್ಲ. ಕೆಳಗೆ... ಬರೀ ಗೊರಗೊರ. ಇನ್ನೂ ಕೆಳಗೆ —

ಬಡಿತ.

ಅತ್ತೆ ನಂಬಲಿಲ್ಲ. ಒಮ್ಮೆ ಮೋಸ ಹೋದವರು. "ಸರಿಯಾಗಿ ನೋಡಮ್ಮ. ಇದು ಇವಳದಾ, ಮಗೂದಾ?"

ನರ್ಸ್ ನಗಲಿಲ್ಲ. ನನ್ನ ಎಡಗೈ ನಾಡಿ ಹಿಡಿದು, ಕಣ್ಣು ಮುಚ್ಚಿ, ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ತಾ ಇದ್ದಾಳೆ. ಎರಡೂ ಬೇರೆ ಅಂದಳು. ಇದು ಮಗೂದೇ.