ಹೆಸರಿನ ಕೊನೆಯ ‘ನ್’

ನೋರ್ವಿಕ್, ಮಿನ್ನೆಸೋಟ
ನವೆಂಬರ್ ೧೫, ೧೯೫೩, ಭಾನುವಾರ

ನನ್ನ ಪ್ರೀತಿಯ ಸಿಗ್ನೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಚಳಿಯ ವಿಚಾರ, ಕೋಳಿಗಳ ವಿಚಾರ ಬರೆದು ಹರಿದುಹಾಕುತ್ತಿದ್ದೆ. ಇವತ್ತು ಚರ್ಚಿನಿಂದ ಬಂದವಳು ಕೋಟನ್ನೂ ಬಿಚ್ಚದೆ ಮೇಜಿಗೆ ಕೂತಿದ್ದೇನೆ. ನಿಮ್ಮ ಅಪ್ಪ ಒಲೆಯ ಪಕ್ಕ ತೂಕಡಿಸುತ್ತಿದ್ದಾರೆ. ಹೊರಗೆ ನಿನ್ನೆ ಶುರುವಾದ ಹಿಮ ಇನ್ನೂ ಸದ್ದಿಲ್ಲದೆ ಇಳಿಯುತ್ತಿದೆ.

ಅಕ್ಟೋಬರಿನಲ್ಲಿ ನೀನು ಬಂದಿದ್ದಾಗ ಶನಿವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಯನ್ನು ದಢಾರನೆ ಮುಚ್ಚಿದೆ. “ಅಮ್ಮಾ, ಇದೇನು ಹುಚ್ಚು! ಆ ಗುನ್ನರ್ ಫಾಸ್ ಯಾರದೋ ಹುಡುಗನ್ನ ನಮ್ಮ ಹೆಸರು ಹಿಡಿದು ಕೂಗ್ತಾನೆ, ನೀನು ಕಿಟಕಿ ತೆಗೆದು ಕೇಳ್ತಾ ಕೂತಿದೀಯ? ಹೋಗಿ ನಿಲ್ಲಿಸೋಕೆ ಹೇಳು” ಅಂದೆ. ನಾನು “ಕಾಫಿ ಹಾಕಲಾ?” ಎಂದೆ. ನೀನು ಸಂಜೆಯ ಬಸ್ಸಿಗೇ ಮಿನಿಯಾಪೊಲಿಸ್‌ಗೆ ಹೊರಟುಹೋದೆ. ಆ ದಿನ ಕೊಡಬೇಕಾಗಿದ್ದ ಉತ್ತರ ಇದು.

ಆ ಹುಡುಗನ ಹೆಸರು ಪೆಡರ್ ಬ್ರೆಕ್ಕೆನ್. ಉತ್ತರ ಡಕೋಟದ ಗೋಧಿ ಹೊಲದವನು, ಈ ವರ್ಷ ನಮ್ಮೂರ ಕಾಲೇಜಿಗೆ ಸೇರಿ ಫುಟ್‌ಬಾಲ್ ತಂಡದಲ್ಲಿ ಆಡುತ್ತಿರುವವನು. ನಾವು ಬ್ರೆಕ್ಕೆ, ಅವರು ಬ್ರೆಕ್ಕೆನ್. ನಾರ್ವೆಯಲ್ಲಿ ಹಿರಿಯರು ಯಾವ ಇಳಿಜಾರಿನಲ್ಲಿ ಉಳುತ್ತಿದ್ದರೋ ಅದರ ಹೆಸರನ್ನೇ ಹೊತ್ತು ಹಡಗು ಹತ್ತಿದರು. ಇಳಿಜಾರು ಬೇರೆ, ಕಣಿವೆ ಬೇರೆ, ನೆಂಟಸ್ತಿಕೆ ಏನೂ ಇಲ್ಲ. ನಡುವೆ ಇರುವುದು ಒಂದು ‘ನ್’. ಕ್ಷೌರಿಕ ಗುನ್ನರ್ ಎಷ್ಟೋ ವರ್ಷದಿಂದ ಮೈದಾನದ ಧ್ವನಿವರ್ಧಕದಲ್ಲಿ ಆಟ ಹೇಳುತ್ತಾನಲ್ಲ, ಅವನು ಈ ಆಗಸ್ಟಿನಲ್ಲಿ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡ. ಪದಗಳ ತುದಿ ಅದರೊಳಗೆ ಸಿಕ್ಕಿ ಹೊರಗೇ ಬರುತ್ತಿರಲಿಲ್ಲ.

ಸೆಪ್ಟೆಂಬರಿನ ಮೊದಲ ಆಟದ ದಿನ ನಾನು ಸೇಬು ಹೆಚ್ಚುತ್ತಿದ್ದೆ. ಕಿಟಕಿ ತೆರೆದಿತ್ತು. ಮೈದಾನದ ಕಡೆಯಿಂದ ಗುನ್ನರನ ಧ್ವನಿ ಬಂತು: “ಚೆಂಡು ಬ್ರೆಕ್ಕೆ ಕೈಗೆ! ಬ್ರೆಕ್ಕೆ ಓಡ್ತಿದಾನೆ, ಇನ್ನೂ ಓಡ್ತಿದಾನೆ!” ನಾನು ಚಾಕು ಹಿಡಿದು ಹಾಗೇ ನಿಂತೆ. ಆಮೇಲೆ ಸರೋವರದ ಆಚೆ ದಡಕ್ಕೆ ಬಡಿದು ಅದೇ ಮಾತು ತಿರುಗಿ ಬಂತು, ಮೆತ್ತಗೆ, ನೀರಿನೊಳಗಿಂದ ಯಾರೋ ಹೇಳಿದ ಹಾಗೆ. ಬ್ರೆಕ್ಕೆ ಓಡ್ತಿದಾನೆ.

ಅದೇ ಸರೋವರ. ಮಾರ್ಚಿನಲ್ಲಿ ನಿನ್ನ ತಮ್ಮ ಚಳಿಗಾಲದ ಮೀನು ಹಿಡಿಯುವ ಗುಡಿಸಲನ್ನು ಮಂಜುಗಡ್ಡೆಯ ಮೇಲಿಂದ ಎಳೆದು ತರಲು ಹೋಗಿ, ಗಡ್ಡೆ ಒಡೆದು ನೀರುಪಾಲಾದ ಸರೋವರ. ಹೋದ ವರ್ಷ ಇದೇ ತಂಡದಲ್ಲಿ, ಇದೇ ಜಾಗದಲ್ಲಿ, ಚೆಂಡನ್ನು ಎದೆಗೆ ಅವುಚಿಕೊಂಡು ಗುಂಪಿನ ನಡುವೆ ನುಗ್ಗುತ್ತಿದ್ದವನು ಅವನು. ಅವನನ್ನು ಮಣ್ಣುಮಾಡಿದ ದಿನದಿಂದ ಈ ಮನೆಯಲ್ಲಿ ಅವನ ಹೆಸರನ್ನು ಯಾರೂ ಹೇಳಿಲ್ಲ. ನಾನು ಹೇಳಿಲ್ಲ. ನಿಮ್ಮ ಅಪ್ಪ ಹೇಳಿಲ್ಲ. ನಿನ್ನ ಕಾಗದದಲ್ಲೂ “ಅವನು” ಎಂದೇ ಇರುತ್ತದೆ. ಮನೆಗೆ ಬಂದವರು ಹವೆಯ ಮಾತಾಡಿ ಕಾಫಿ ಕುಡಿದು ಹೋದರು. ದುಃಖದಲ್ಲಿ ನಮ್ಮವರಿಗೆ ಮಾಡಲು ಬರುವುದು ಅದೊಂದೇ.

ಹಾಗಾಗಿ ಶನಿವಾರಗಳಿಗೆ ಕಾದೆ. ಊರಿನಲ್ಲಿ ಆಟವಿದ್ದ ಶನಿವಾರ ಊಟ ಮುಗಿಸಿ ಕಿಟಕಿ ತೆಗೆದು ಕೂರುತ್ತಿದ್ದೆ. ಮೇಪಲ್ ಎಲೆಗಳು ಕೆಂಪಾದವು, ಉದುರಿದವು. ಗುನ್ನರ್ ಕೂಗುತ್ತಿದ್ದ, ಸರೋವರ ಮತ್ತೆ ಹೇಳುತ್ತಿತ್ತು. ಕಣ್ಣು ಮುಚ್ಚಿದರೆ ನಿನ್ನ ತಮ್ಮ ಮಂಜಿನಲ್ಲಿ ಓಡುತ್ತಿದ್ದ. ಬೀಳುತ್ತಿದ್ದ, ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ. ಅಂಕ ಎಷ್ಟು, ಗೆದ್ದವರು ಯಾರು ಎಂದು ನಾನು ಕೇಳಿಸಿಕೊಂಡವಳೇ ಅಲ್ಲ. ಈ ಸಲ ಗೆದ್ದದ್ದು ಬಹಳ ಕಡಿಮೆಯಂತೆ. ನನಗೆ ಈ ಸಲದ ಆಟಗಳೇ ಎಲ್ಲಕ್ಕಿಂತ ಒಳ್ಳೆಯವು ಎನಿಸಿದ್ದವು, ನೋಡು. ಚಳಿ ಒಳಗೆ ನುಗ್ಗುತ್ತಿದ್ದರೂ ನಿಮ್ಮ ಅಪ್ಪ ಕಿಟಕಿ ಮುಚ್ಚು ಅನ್ನಲಿಲ್ಲ. ಎದ್ದು ಹೋಗಿ ಒಲೆಗೆ ಇನ್ನೊಂದು ಸೌದೆ ಹಾಕಿ ಬರುತ್ತಿದ್ದರು.

ಹೋದ ಸೋಮವಾರ ಆ ಹುಡುಗನೇ ಬಾಗಿಲಿಗೆ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಒಳಗೆ ಕೂರಿಸಿ ಲೆಫ್ಸೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಹಚ್ಚಿ ಕೊಟ್ಟೆ. ನಾಲ್ಕು ತಿಂದ. ನಿನ್ನ ತಮ್ಮನ ಹಾಗೆ ಒಂದಿಷ್ಟೂ ಇಲ್ಲ ಸಿಗ್ನೆ. ಗಿಡ್ಡ, ಕಿವಿ ಅಗಲ, ನಕ್ಕರೆ ಒಸಡು ಕಾಣುತ್ತದೆ.

“ಮಿಸೆಸ್ ಬ್ರೆಕ್ಕೆ, ಶನಿವಾರ ಕೊನೇ ಆಟ. ನಮ್ಮಮ್ಮ ಬರ್ತಿದಾರೆ. ಅವರು ನನ್ನ ಆಟ ಒಂದ್ಸಲನೂ ನೋಡಿಲ್ಲ” ಎಂದ. ಆಮೇಲೆ ತಟ್ಟೆಯನ್ನೇ ನೋಡುತ್ತ, “ನೀವು ಕಿಟಕಿ ತೆಗೆದಿಡ್ತೀರಿ ಅಂತ ಹುಡುಗರು ಹೇಳಿದ್ರು. ಅದಕ್ಕೇ ನಾನು ಇಷ್ಟು ದಿನ ಏನೂ ಅನ್ಲಿಲ್ಲ. ನಂಗೇನೂ ಬೇಜಾರಿಲ್ಲ. ಆದ್ರೆ ಅಮ್ಮ... ಈ ಒಂದು ಆಟಕ್ಕೆ ಮಾತ್ರ ಸರಿಯಾಗಿ ಹೇಳಿ ಅಂತ ಗುನ್ನರ್ ಅವರನ್ನ ಕೇಳ್ಲಾ? ನೀವು ಬೇಡ ಅಂದ್ರೆ ಬೇಡ” ಎಂದ.

ತನ್ನ ಹೆಸರನ್ನು ತಾನು ಇಟ್ಟುಕೊಳ್ಳಲು ಅವನು ನನ್ನ ಅಪ್ಪಣೆ ಕೇಳುತ್ತಿದ್ದ! ನಾನೇನು ಹೇಳಿದೆ ಗೊತ್ತೇ? “ಇನ್ನೊಂದು ಲೋಟ ಕಾಫಿ ಹಾಕಲಾ?” ಅವನು ಬೇಡ ಎಂದು ಎದ್ದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಮೂರು ದಿನ ನನಗೆ ಯಾವ ಕೆಲಸವೂ ಸಾಗಲಿಲ್ಲ. ಅಪ್ಪಣೆ ಕೊಡದಿದ್ದರೆ ಒಬ್ಬ ತಾಯಿ ಅಷ್ಟು ದೂರದಿಂದ ಬಂದು ಮಗನ ಹೆಸರು ಕೇಳದೆ ಹೋಗುತ್ತಾಳೆ. ಕೊಟ್ಟರೆ ನಮ್ಮ ಹುಡುಗನನ್ನು ಕರೆಯುವವರು ಈ ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

ಶುಕ್ರವಾರ ಗುನ್ನರನ ಅಂಗಡಿಗೆ ಹೋದೆ. ಗಂಡಸರ ಕ್ಷೌರದಂಗಡಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕುರ್ಚಿಯಲ್ಲಿ ತಂಡದ ತರಬೇತುದಾರ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಮಲಗಿದ್ದ.

“ಏನು ಇಂಗಾ, ಗಡ್ಡ ತೆಗಿಸ್ಕೊಳ್ಳೋಕೆ ಬಂದ್ಯಾ?” ಎಂದ ಗುನ್ನರ್.

“ಗುನ್ನರ್, ಆ ಹುಡುಗನ ಹೆಸರಿನ ಕೊನೇಲಿ ಒಂದು ‘ನ್’ ಇದೆ” ಎಂದೆ.

ಅವನು ಕತ್ತಿಯನ್ನು ಬಟ್ಟೆಗೆ ಒರೆಸಿ ಕೆಳಗಿಟ್ಟ. “ಗೊತ್ತು.”

“ನಿನ್ನ ಹಲ್ಲು...”

“ಹಲ್ಲು ಸರಿಯಾಗಿ ಕೂತು ಎರಡು ತಿಂಗಳಾಯ್ತು ಕಣೆ. ನೀನು ಕಿಟಕಿ ತೆಗೀತೀಯ ಅಂತ ಗೊತ್ತಾದ್ಮೇಲೆ ನಾಲಿಗೆ ಹೊರಳಲಿಲ್ಲ.”

ನೊರೆಯೊಳಗಿಂದ ತರಬೇತುದಾರ, “ನಾವ್ಯಾರೂ ಬಾಯಿ ಬಿಡ್ಲಿಲ್ಲಮ್ಮ. ಹುಡುಗರೆಲ್ಲ ಒಪ್ಪಿಯೇ ಇದ್ರು” ಎಂದ. ಊರಿಗೆ ಊರೇ ನನಗೋಸ್ಕರ ತಪ್ಪು ಹೇಳುತ್ತಿತ್ತು ಮಗಳೇ, ಮುಖದಲ್ಲಿ ಒಂದಿಷ್ಟೂ ತೋರಿಸಿಕೊಳ್ಳದೆ.

“ನಾಳೆ ಸರಿಯಾಗಿ ಹೇಳು” ಎಂದೆ. ಗುನ್ನರ್ ಕಣ್ಣೊರೆಸಿಕೊಂಡು, “ಹಾಳಾದ್ದು, ಸೋಪು” ಎಂದ.

ನಿನ್ನೆ ನಾನು ಕಿಟಕಿ ತೆಗೆಯಲಿಲ್ಲ. ಕೋಟು ಹಾಕಿಕೊಂಡೆ. ನಿಮ್ಮ ಅಪ್ಪ ಏನೂ ಕೇಳದೆ ಕಾರು ತೆಗೆದರು. ಪೆಡರನ ತಾಯಿಯನ್ನು ಗುರುತಿಸುವುದು ಕಷ್ಟವಾಗಲಿಲ್ಲ, ಅವೇ ಕಿವಿಗಳು. ಪಕ್ಕದಲ್ಲಿ ಕೂತು ನನ್ನ ಕಂಬಳಿಯ ಅರ್ಧವನ್ನು ಅವಳ ಮೊಣಕಾಲಿಗೆ ಹೊದಿಸಿದೆ.

ಆಟ ಶುರುವಾಗುತ್ತಲೇ ಹಿಮವೂ ಶುರುವಾಯಿತು. ಸುಣ್ಣದ ಗೆರೆಗಳು ಒಂದೊಂದಾಗಿ ಮುಚ್ಚಿಹೋದವು. ಸ್ವಲ್ಪ ಹೊತ್ತಿಗೆ ಗಡಿ ಎಲ್ಲಿ, ಗುರಿ ಎಲ್ಲಿ ಎಂದು ಯಾರಿಗೂ ತಿಳಿಯದಾಯಿತು. ಹುಡುಗರು ಬಿಳಿಯೊಳಗಿಂದ ಓಡಿಬಂದು ಬಿಳಿಯೊಳಗೇ ಕರಗುತ್ತಿದ್ದರು. ಕಿಟಕಿಯ ಬಳಿ ಕಣ್ಣು ಮುಚ್ಚಿದಾಗ ನಾನು ಕಂಡದ್ದೂ ಇದೇ ಮೈದಾನವನ್ನು. ಆಗ ಗುನ್ನರ್ ಕೂಗಿದ: “ಚೆಂಡು ಬ್ರೆಕ್ಕೆನ್ ಕೈಗೆ! ಪೆಡರ್ ಬ್ರೆಕ್ಕೆನ್!” ಆ ‘ನ್’ ಗಂಟೆಯ ಹಾಗೆ ಮೊಳಗಿತು. ಮೈದಾನವೆಲ್ಲ ಒಂದು ಕ್ಷಣ ನನ್ನ ಕಡೆ ತಿರುಗಿ ಮತ್ತೆ ಆಟದ ಕಡೆ ತಿರುಗಿತು. ಹಿಮ ಬೀಳುವಾಗ ಸರೋವರ ಮಾತಾಡುವುದಿಲ್ಲ. ಪ್ರತಿಧ್ವನಿ ಬರಲಿಲ್ಲ.

“ಅದು ನನ್ನ ಮಗ!” ಎಂದಳು ಅವಳು, ನನ್ನ ತೋಳು ಹಿಡಿದು ಅಲ್ಲಾಡಿಸುತ್ತ. “ಹೌದು, ಚೆನ್ನಾಗಿ ಓಡ್ತಾನೆ” ಎಂದೆ. ಓಡಿದ ನಾಲ್ಕೇ ಹೆಜ್ಜೆಗೆ ಅವನು ಜಾರಿ ಬಿದ್ದಿದ್ದ. ಇಬ್ಬರೂ ನಕ್ಕೆವು.

ಆಟ ಸೋತೆವು. ಏಳುವಾಗ ಅವಳು, “ನಿಮ್ಮ ಮಕ್ಕಳು ಯಾರಾದ್ರೂ ಆಡ್ತಾರಾ?” ಎಂದು ಕೇಳಿದಳು. “ಒಬ್ಬ ಆಡ್ತಿದ್ದ” ಎಂದೆ. “ಹೆಸರೇನು?” ಎಂದಳು, ಬಹಳ ಸಹಜವಾಗಿ. ನಾನು ಕಂಬಳಿ ಮಡಿಸುತ್ತ “ಚಳಿ ಜಾಸ್ತಿ ಆಯ್ತು, ಬನ್ನಿ” ಎಂದುಬಿಟ್ಟೆ.

ಇಷ್ಟೇ ನಡೆದದ್ದು. ನೀನು ಕೋಪಿಸಿಕೊಂಡು ಹೋದದ್ದು ತಪ್ಪಲ್ಲ, ನಾನು ಕಿಟಕಿ ತೆಗೆದದ್ದೂ ತಪ್ಪಲ್ಲ ಎಂದು ಹೇಳಲು ಇಷ್ಟು ಉದ್ದ ಬರೆದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಾ ಕಂದ. ಹಾಸಿಗೆ ಬೆಚ್ಚಗೆ ಮಾಡಿಟ್ಟಿರುತ್ತೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಪೆಡರನ ತಾಯಿಯನ್ನು ನಮ್ಮ ಕಾರಿನಲ್ಲೇ ಬಸ್‌ನಿಲ್ದಾಣಕ್ಕೆ ಬಿಟ್ಟೆವು; ಅವಳ ಬಸ್ಸು ಹೊರಡುವಾಗ ನಾನು ಕಾರಿನಿಂದ ಇಳಿದು ಓಡಿದೆ. ಕಿಟಕಿಯ ಗಾಜು ತಟ್ಟಿ ಹೆಸರು ಹೇಳಿದೆ. ಎಂಜಿನ್ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಗಾಜು ಇಳಿಸಿ, ಕಿವಿಗೆ ಕೈ ಹಿಡಿದು, “ಏನಂದ್ರಿ?” ಎಂದಳು. ಮತ್ತೆ ಹೇಳಿದೆ. ಆಗಲೂ ಕೇಳಿಸಲಿಲ್ಲ. ಕೊನೆಗೆ ಬಸ್‌ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಕೂಗಿದೆ ಸಿಗ್ನೆ: “ಹಾಲ್ವರ್! ನನ್ನ ಮಗನ ಹೆಸರು ಹಾಲ್ವರ್!” ತಿರುಗಿ ನೋಡಿದರೆ ನಿಮ್ಮ ಅಪ್ಪ ಕಾರಿನ ಪಕ್ಕ ಟೋಪಿ ತೆಗೆದು ನಿಂತಿದ್ದರು, ತಲೆಯ ಮೇಲೆ ಹಿಮ ಬೀಳುತ್ತಿತ್ತು.