ಗಿರಿಜಮ್ಮನ ತಿಂಡಿ ತಟ್ಟೆ

ಪ್ರೀತಿಯ ಲೀಲಕ್ಕ,

ಇವತ್ತು ಏಕಾದಶಿ. ಅಂಗಳ ಗುಡಿಸಿ, ಬಾವಿಯಿಂದ ಎರಡು ಕೊಡಪಾನ ನೀರು ಸೇದಿ, ತುಳಸಿಗೆ ಎರೆದು ಕೈಮುಗಿದು ಬಂದೆ. ಉಪವಾಸದ ದಿನ ಒಲೆಯ ಕೆಲಸವಿಲ್ಲ. ಆದರೂ ಪರ್ಕಳದ ಈ ಬಾಡಿಗೆ ಕೋಣೆಯಲ್ಲಿ ಬಾಗಿಲು ತೆರೆದಿಟ್ಟರೂ ಉಸಿರು ಕಟ್ಟುತ್ತಿದೆ. ದೇವರ ಎದುರು ಕೂತರೆ ಕಣ್ಣು ಮೇಜಿನ ಮೇಲಿನ ಕಾಗದಕ್ಕೇ ಹೋಗುತ್ತದೆ. ನಮ್ಮ ಆಸ್ಪತ್ರೆ ವಾರ್ಡಿನ ಈಗಿನ ಇನ್‌ಚಾರ್ಜ್ ಸಿಸ್ಟರ್ ಕೊಟ್ಟದ್ದು. ಮಧ್ಯಾಹ್ನದೊಳಗೆ ಉತ್ತರ ಬರೆದು ಕೊಡಬೇಕಂತೆ. ಆ ಕುರ್ಚಿಯಲ್ಲಿ ನೀವೇ ಇದ್ದಿದ್ದರೆ ನನಗೆ ಸುಳ್ಳು ಹೇಳುವ ಧೈರ್ಯ ಬರುತ್ತಿತ್ತಾ?

ಮಾನಸಿಕ ವಾರ್ಡಿಗೆ ಹೊಸ ನರ್ಸುಗಳು ಬಂದ ದಿನ ನೀವು ಆಯಾ ಆದ ನನ್ನನ್ನೇ ರೋಗಿ ಮಾಡಿ ಮಂಚದಲ್ಲಿ ಮಲಗಿಸುತ್ತಿದ್ದಿರಿ. ಒಮ್ಮೆ ಒಬ್ಬಳು "ಏಳಿ ಅಮ್ಮ" ಎಂದು ಕೈ ಎಳೆದಳು. ನೀವು ಕಣ್ಸನ್ನೆ ಮಾಡಿದಿರಿ, ನಾನು ಧೊಪ್ಪನೆ ಬಿದ್ದೆ.

"ಎಂತ ಮಾರಾಯ್ತಿ ಸರೋಜ, ಸ್ವಲ್ಪ ಮೆಲ್ಲ ಬೀಳು. ನೆಲ ಒಡೆದರೆ ಮೆಮೊ ಬರುವುದು ನನಗೆ!"

ಎಲ್ಲರೂ ನಕ್ಕ ಮೇಲೆ ಹೇಳಿದಿರಿ: "ಇಲ್ಲಿಯ ಮಾತ್ರೆ ತಿಂದವರು ಸಟ್ಟಂತ ಎದ್ದರೆ ಕಣ್ಣು ಕತ್ತಲೆ ಬರ್ತದೆ. ಮೊದಲು ಕೂರಿಸಿ, ಕಾಲು ನೆಲಕ್ಕೆ ತಾಗಲಿ, ಎರಡು ಮಾತಾಡಿ. ಆಮೇಲೆ ಕೈ ಕೊಡಿ. ಹೊಟ್ಟೆ ಖಾಲಿ ಇದ್ದರೆ ಮಾತ್ರೆಗೆ ಮೊದಲು ನನಗೆ ಹೇಳಿ."

ನೀವು ರಿಟೈರ್ ಆಗಿ ಹೋದ ಮೇಲೆ ಆ ಬೀಳುವ ಪಾಠ ನನ್ನ ಪಾಲಿಗೆ ಬಂತು. ಏಳನೆಯ ಕ್ಲಾಸಷ್ಟೇ ಓದಿದವಳು ನರ್ಸುಗಳಿಗೆ ಕಲಿಸುವುದೆಂದರೆ ಸಣ್ಣ ಮಾತಾ? ಸ್ವಲ್ಪ ಜಂಬವೂ ಬಂದಿರಬೇಕು. ಇನ್ನಂಜೆಯ ಹೊಸ ನರ್ಸ್ ಅಶ್ವಿತಾ ಬಂದು ಎರಡು ತಿಂಗಳಾಗಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳೇ. ಏನಿದ್ದರೂ ನನ್ನನ್ನು ಕೇಳಿಯೇ ಮಾಡುವಳು.

ಹೋದ ಏಕಾದಶಿ ಬೆಳಿಗ್ಗೆ ವಾರ್ಡಿನಲ್ಲಿದ್ದ ರೋಗಿ, ಬೆಳ್ಮಣ್‌ನ ಗಿರಿಜಮ್ಮ ನನ್ನ ಕೈ ಹಿಡಿದುಕೊಂಡರು. "ನಂಗೂ ಉಪವಾಸ, ಸರೋಜಮ್ಮ. ಸಿಸ್ಟರ್‌ಗಳಿಗೆ ಗೊತ್ತಾದ್ರೆ ಒತ್ತಾಯ ಮಾಡಿ ತಿನ್ನಿಸ್ತಾರೆ." ಆ ವಾರ ಮನೆಗೆ ಹೋಗಬೇಕಾದವರು. ವ್ರತ ಮುರಿಸುವ ಪಾಪ ನನಗೇಕೆ ಎಂದುಕೊಂಡೆ. ಅವರ ಇಡ್ಲಿಯನ್ನು ಕಸದ ಬಕೆಟ್ಟಿಗೆ ಹಾಕಿ ಖಾಲಿ ತಟ್ಟೆ ಹೊರಗೆ ತಂದೆ.

"ತಿಂದ್ರಾ, ಸರೋಜಕ್ಕ?" ಎಂದು ಅಶ್ವಿತಾ ಕೇಳಿದಳು.

"ತಿಂದ್ರು."

ಅವಳು ಹಾಗೆಯೇ ಬರೆದುಕೊಂಡು ಮಾತ್ರೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಗಿರಿಜಮ್ಮ ಯಾರನ್ನೂ ಕರೆಯದೆ ಬಚ್ಚಲಿಗೆಂದು ಎದ್ದರು. ಬಿದ್ದ ಸದ್ದು ನನ್ನ ಪಾಠದ ಸದ್ದಿನ ಹಾಗೆ ಇರಲಿಲ್ಲ, ಲೀಲಕ್ಕ. ಸೊಂಟದ ಮೂಳೆ ಮುರಿದಿತ್ತು. ಏನೂ ತಿಂದಿರಲಿಲ್ಲ ಎಂದು ಅವರೇ ಡಾಕ್ಟರಿಗೆ ಹೇಳಿದರು. ನನ್ನ ಹೆಸರು ಮಾತ್ರ ಹೇಳಲಿಲ್ಲ.

ಅಶ್ವಿತಾ ಸುಳ್ಳು ಬರೆದಳೆಂದಾಯಿತು. "ಸರೋಜಕ್ಕನನ್ನೇ ಕೇಳಿ," ಎಂದು ಅವಳು ನನ್ನ ಕಡೆ ನೋಡಿದಳು. ಎಲ್ಲರ ಎದುರು ನಾನು, "ನನಗೆ ನೆನಪಿಲ್ಲ," ಎಂದೆ. ಉಪವಾಸದ ಬಾಯಲ್ಲಿ ಎರಡನೆಯ ಸುಳ್ಳು. ಅಂದಿನಿಂದ ಹುಡುಗಿ ನನ್ನ ಜೊತೆ ಮಾತಾಡಿಲ್ಲ. ಅವಳನ್ನು ನಾಳೆ ಕೆಲಸದಿಂದ ತೆಗೆಯುತ್ತಾರಂತೆ. ನಿಜ ಹೇಳಿದರೆ ಹೋಗುವವಳು ನಾನು. ಐವತ್ತು ವಯಸ್ಸಿನ ಆಯಾಳಿಗೆ ಇನ್ನೆಲ್ಲಿ ಕೆಲಸ, ಈ ಕೋಣೆ ಬಿಟ್ಟರೆ ಇನ್ನೆಲ್ಲಿ... ಹದಿನೈದು ದಿನದಿಂದ ಅದೇ ವಾರ್ಡಿನ ಬೀಗ ತೆಗೆಯುತ್ತ ಹಾಕುತ್ತ ಇದ್ದೇನೆ, ಒಳಗಿರುವವಳು ನಾನೇ ಎನ್ನುವ ಹಾಗೆ.

ಉತ್ತರ ಬರೆದಾಯಿತು, ಲೀಲಕ್ಕ. ತಿಂದರೆಂದು ಹೇಳಿದವಳು ನಾನು, ತಟ್ಟೆ ಖಾಲಿ ಮಾಡಿದವಳೂ ನಾನು ಎಂದು. ಆದರೆ ನನ್ನನ್ನು ನನಗೇ ನಂಬಿಕೆಯಿಲ್ಲ. ಮಣಿಪಾಲದ ಆಸ್ಪತ್ರೆ ಮುಟ್ಟುವುದರೊಳಗೆ ಬಸ್ಸಿನಲ್ಲೇ ಹರಿದು ಹಾಕಿಬಿಟ್ಟೇನು. ಅದಕ್ಕೆ ಈಗಷ್ಟೇ ಅಶ್ವಿತಾಳಿಗೆ ಫೋನು ಮಾಡಿ, ಇದನ್ನು ನೀನೇ ಒಯ್ದು ಸಿಸ್ಟರ್ ಕೈಗೆ ಕೊಡಬೇಕು ಎಂದೆ.

"ನಿಮ್ಮ ಉತ್ತರ ನಾನು ಯಾಕೆ ಒಯ್ಯಬೇಕು?" ಎಂದು ಕಡಿದ ಹಾಗೆ ಕೇಳಿದಳು.

"ಬೇಗ ಬಾ ಮಗ. ನನ್ನ ಮನಸ್ಸು ತಿರುಗುವ ಮೊದಲು ಬಂದು ತಗೊಂಡು ಹೋಗು."